ಚಿತ್ರ ಬರೆದವರ ಹೆಸರೆಲ್ಲಿ, ಮೇಷ್ಟ್ರೇ?

ಜಗಳೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಹೀಗೆ ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ಎರಿಕ್ ಕಾರ್ಲ್ ಎಂಬ ಅಮೆರಿಕದವರ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ಹುಳ ಹಣ್ಣು ತಿಂದು ಚಿಟ್ಟೆಯಾಗುವ ಪುಸ್ತಕಕ್ಕೆ ಇಷ್ಟು ಜಾಗವೇ? ನಾವು ಒಂದೂ ಬಣ್ಣದ ಚಿತ್ರ ನೋಡದೆ ಮಗ್ಗಿ, ವಚನ, ವ್ಯಾಕರಣ ಎಲ್ಲ ಕಲಿತೆವು. ಈಗಿನ ಮಕ್ಕಳು ಮೊಬೈಲಿನಲ್ಲಿ ಬೇಕಾದಷ್ಟು ಚಿತ್ರ ನೋಡುತ್ತಾರೆ. ಅವರಿಗೆ ಅಕ್ಷರ ಕೊಡಿ, ಚಿತ್ರ ಸಾಕು."

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪತ್ರ ಮೂರು ಸಲ ಓದಿದೆ. ಇಷ್ಟು ದುಂಡಗೆ ಕೈಯಲ್ಲಿ ಬರೆಯುವವರು ಈಗ ಕಡಿಮೆ. ಮೊಬೈಲಿನ ಮಾತು ಒಪ್ಪಿದೆ. ಆ ಪುಸ್ತಕಗಳ ಬೆಲೆ ನಮ್ಮ ಕಡೆಯ ಸಂಸಾರಗಳಿಗೆ ಜಾಸ್ತಿ, ಅದೂ ನಿಜ. ಆದರೆ "ಚಿತ್ರ ಸಾಕು" ಅಂದಿರಲ್ಲ, ಅಲ್ಲಿ ನಾನು ನಿಮ್ಮ ಜೊತೆ ಜಗಳಕ್ಕೇ ನಿಲ್ಲಬೇಕು.

ಮಕ್ಕಳಿಗೆ ಚಿತ್ರದ ಪುಸ್ತಕ ಮಾಡಿಕೊಟ್ಟ ಈ ಕಾರ್ಲ್ ಹುಟ್ಟಿದ್ದು 1929ರಲ್ಲಿ, ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ. ಆರು ವರ್ಷಕ್ಕೆ ಅಪ್ಪ ಅಮ್ಮನ ಜೊತೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋದರು. ಅಪ್ಪ ಮಗನನ್ನು ಕಾಡಿಗೆ ಕರೆದುಕೊಂಡು ಹೋಗಿ, ಕಲ್ಲು ಎತ್ತಿ, ತೊಗಟೆ ಸರಿಸಿ ಅಡಿಯಲ್ಲಿದ್ದ ಹುಳ ತೋರಿಸುತ್ತಿದ್ದರಂತೆ. ನೋಡಿ ಆದಮೇಲೆ ಹುಳವನ್ನು ಅದರ ಜಾಗಕ್ಕೇ ಬಿಡುತ್ತಿದ್ದರು. ಆಮೇಲೆ ಯುದ್ಧ ಬಂತು. ಆ ಅಪ್ಪ ಸೈನ್ಯಕ್ಕೆ ಹೋಗಿ, ರಷ್ಯನ್ನರ ಕೈಗೆ ಸೆರೆ ಸಿಕ್ಕು, 1947ರಲ್ಲಿ ಎಲುಬಿನ ಹಂದರವಾಗಿ ಮನೆಗೆ ಬಂದರು. ಇದರ ನಡುವೆ ಹುಡುಗನನ್ನು ಉಳಿಸಿದವರು ಯಾರು ಗೊತ್ತೇ? ಒಬ್ಬ ಡ್ರಾಯಿಂಗ್ ಮೇಷ್ಟ್ರು. ಫ್ರಿಟ್ಜ್ ಕ್ರೌಸ್ ಅಂತ. ನಾಜಿಗಳು ಬೇಡವೆಂದಿದ್ದ ಪಿಕಾಸೊ, ಮತೀಸ್ ಚಿತ್ರಗಳನ್ನು ಹುಡುಗನನ್ನು ಮನೆಗೆ ಕರೆದು ಗುಟ್ಟಾಗಿ ತೋರಿಸಿದರು. ಸಿಕ್ಕಿಬಿದ್ದಿದ್ದರೆ ಅವರ ಗತಿ ಏನಾಗುತ್ತಿತ್ತು ಅಂತ ಯೋಚಿಸಿ. ಚಿತ್ರ ಸುಮ್ನೆ ಅಲಂಕಾರ ಆಗಿದ್ದರೆ ಆ ಮೇಷ್ಟ್ರು ಅಷ್ಟು ಧೈರ್ಯ ಯಾಕೆ ಮಾಡಬೇಕಿತ್ತು?

1952ರಲ್ಲಿ ಜೇಬಿನಲ್ಲಿ 40 ಡಾಲರ್ ಇಟ್ಟುಕೊಂಡು ಕಾರ್ಲ್ ನ್ಯೂಯಾರ್ಕಿಗೆ ವಾಪಸ್ ಬಂದರು. ಪತ್ರಿಕೆ, ಜಾಹೀರಾತು ಅಂತ ದುಡಿದರು. ಮಕ್ಕಳ ಪುಸ್ತಕದಿಂದ ಮೊದಲು ಹೆಸರು ಬಂದದ್ದು 1967ರಲ್ಲಿ, ನಲವತ್ತು ಹತ್ತಿರ ಬಂದಾಗ. ನೀವು ಹೇಳಿದ ಆ ಹುಳದ ಪುಸ್ತಕ, 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್', 1969ರದ್ದು. ಕಾಗದದ ಕಂತೆಗೆ ಪಂಚಿಂಗ್ ಮಷೀನಿನಲ್ಲಿ ತೂತು ಹೊಡೆಯುವಾಗ ಪುಸ್ತಕ ಕೊರೆಯುವ ಹುಳ ನೆನಪಾಯಿತಂತೆ. ಸಂಪಾದಕಿ ಆ್ಯನ್ ಬೆನೆಡ್ಯೂಸ್, ಅದು ಬೇಡ, ಕಂಬಳಿಹುಳ ಆದರೆ ಹೇಗೆ ಅಂದರು. ಕಾರ್ಲ್ ಬಾಯಿಂದ ತಕ್ಷಣ ಬಂದದ್ದು, ಚಿಟ್ಟೆ! ಬೇರೆ ಬೇರೆ ಅಳತೆಯ, ತೂತು ಇರುವ ಪುಟಗಳನ್ನು ಕಡಿಮೆ ಖರ್ಚಿನಲ್ಲಿ ಮಾಡಿಕೊಡುವ ಪ್ರೆಸ್ ಅಮೆರಿಕದಲ್ಲಿ ಸಿಗಲಿಲ್ಲ. ಆಕೆ ಬಿಡಲಿಲ್ಲ, ಜಪಾನಿನಲ್ಲಿ ಹುಡುಕಿದರು. ಈ ಭಾಗ ಓದುವಾಗೆಲ್ಲ ನನ್ನ ಎದೆ ಉಬ್ಬುತ್ತದೆ, ನಾನೂ ಇದೇ ಕೆಲಸದವನು ಅಲ್ವಾ.

ಇಂಗ್ಲಿಷಿನಲ್ಲಿ ಅದು 224 ಪದಗಳ ಪುಸ್ತಕ. ಉಳಿದದ್ದೆಲ್ಲ ಬಣ್ಣದ ಕೆಲಸ. ಗಾಳಿಪಟದ ಹಾಳೆಯಂಥ ತೆಳು ಕಾಗದಕ್ಕೆ ತಾವೇ ಬಣ್ಣ ಬಳಿದು, ಒಣಗಿಸಿ, ಬಣ್ಣಕ್ಕೊಂದು ಡ್ರಾಯರಿನಲ್ಲಿ ಇಟ್ಟುಕೊಂಡು, ಕತ್ತರಿಸಿ ಅಂಟಿಸುತ್ತಿದ್ದರು. 1984ರ ಜೇಡದ ಪುಸ್ತಕದಲ್ಲಿ ಬಲೆಯನ್ನು ಉಬ್ಬಿಸಿ ಅಚ್ಚು ಹಾಕಿಸಿದರು, ಕಣ್ಣು ಕಾಣದ ಮಗುವೂ ಬೆರಳಲ್ಲಿ ಸವರಿ ಓದಬಹುದು. 2021ರಲ್ಲಿ, 91ನೇ ವಯಸ್ಸಿಗೆ ತೀರಿಕೊಳ್ಳುವಷ್ಟರಲ್ಲಿ ಅವರ ಪುಸ್ತಕಗಳು ಎಪ್ಪತ್ತು ದಾಟಿದ್ದವು.

ನಮ್ಮ ಅಕ್ಕನ ಮೊಮ್ಮಗಳಿಗೆ ಎರಡೂವರೆ ವರ್ಷ. ಆ ಪುಸ್ತಕ ಕೊಟ್ಟೆ. ಸೇಬಿನ ತೂತಿಗೆ ಬೆರಳು ತೂರಿಸಿ ಆ ಕಡೆಯಿಂದ ತನ್ನ ಬೆರಳನ್ನೇ ನೋಡಿ ನಕ್ಕಳು. ಮಂಗಳವಾರ ಎರಡು ತೂತು, ಬುಧವಾರ ಮೂರು. ಎಣಿಕೆ ಅವಳ ಬೆರಳಿಗೆ ಬಂತು, ಬಾಯಿಗೆ ಆಮೇಲೆ. ಇದು ಮಗ್ಗಿಗೆ ಹಾಕಿದ ಪಾಯವೇ ಅಲ್ವಾ ಮೇಷ್ಟ್ರೇ? ಇನ್ನು ಆ ಹುಳ ನಮಗೆ ಹೊರಗಿನದೂ ಅಲ್ಲ. ನಿಮ್ಮ ಜಗಳೂರಿನ ಮೆಕ್ಕೆಜೋಳದ ಹೊಲದಲ್ಲಿ ಸೈನಿಕ ಹುಳು ತಿಂದ ಎಲೆ ಹಿಡಿದು ನೋಡಿ. ತೂತು ಬಿದ್ದ ಎಲೆ ಅಂದರೆ ಏನು ಅಂತ ನಮ್ಮ ಮಕ್ಕಳಿಗೆ ನ್ಯೂಯಾರ್ಕಿನ ಮಕ್ಕಳಿಗಿಂತ ಚೆನ್ನಾಗಿ ಗೊತ್ತು.

ಒಂದೂ ಬಣ್ಣದ ಚಿತ್ರ ನೋಡದೆ ಕಲಿತೆವು ಅಂತೀರಿ. ಚಂದಮಾಮ ನೋಡಿಲ್ಲವೇ? ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ನಡೆಯುತ್ತಿರುವ ವಿಕ್ರಮ. ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಬೇತಾಳನ ಕಥೆಗಳಲ್ಲಿ ಎಷ್ಟು ನೆನಪಿವೆ, ಹೇಳಿ? ಚಿತ್ರ ಮಾತ್ರ ಅಳಿಸಿಲ್ಲ. ಅದನ್ನು ಬರೆದವರು ಕೆ.ಸಿ. ಶಿವಶಂಕರನ್, ಎಲ್ಲರ ಬಾಯಲ್ಲಿ ಶಂಕರ್. 1924ರಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು 2021ರಲ್ಲಿ. ಬದುಕಿದ್ದಾಗ ಕೈಗೆ ಕೊಡಲಿಲ್ಲ. ಇದು ನನಗೆ ಇನ್ನೂ ನೋಯುತ್ತದೆ.

ನಾನು ಮಕ್ಕಳ ಪುಸ್ತಕ ಕೈಗೆ ಸಿಕ್ಕರೆ ಮೊದಲು ಮುಖಪುಟದಲ್ಲಿ ಕಲಾವಿದರ ಹೆಸರು ಹುಡುಕುತ್ತೇನೆ. ಬರೆದವರ ಹೆಸರು ದಪ್ಪಗೆ ಇರುತ್ತದೆ. ಚಿತ್ರಕಾರರು ಒಳಗಡೆ, ಪ್ರೆಸ್ಸಿನ ವಿಳಾಸದ ಪಕ್ಕ, ಇರುವೆ ಸಾಲಿನಷ್ಟು ಸಣ್ಣಗೆ. ಒಮ್ಮೆ ಪ್ರಕಾಶಕರೊಬ್ಬರನ್ನು ಕೇಳಿದೆ. "ದುಡ್ಡು ಕೊಟ್ಟಿದೀವಲ್ಲ ಸಾರ್, ಹೆಸರು ಯಾಕೆ?" ಅಂದರು. ಲೇಖಕರಿಗೂ ದುಡ್ಡು ಕೊಟ್ಟಿರುತ್ತಾರೆ, ಅವರ ಹೆಸರನ್ನು ಬಿಡುತ್ತಾರೆಯೇ? ದಾವಣಗೆರೆಯಲ್ಲಿ 1960ರ ದಶಕದಿಂದ ಚಿತ್ರಕಲಾ ಕಾಲೇಜಿದೆ, ಕೈ ಪಳಗಿದ ಹುಡುಗ ಹುಡುಗಿಯರು ಅಲ್ಲಿಂದ ಹೊರಗೆ ಬರುತ್ತಲೇ ಇದ್ದಾರೆ, ಆದರೆ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆದುಕೊಂಡೇ ಬದುಕುತ್ತೇನೆ ಅನ್ನುವ ಧೈರ್ಯ ಎಷ್ಟು ಜನಕ್ಕೆ ಬರುತ್ತದೆ? ಚಿತ್ರದುರ್ಗದ ಕಡೆಯ ಒಂದು ಶಾಲೆಗೆ ಹೋಗಿದ್ದೆ, ಚಿತ್ರದ ಪುಸ್ತಕಗಳೆಲ್ಲ ಬೀರುವಿನಲ್ಲಿ, ಬೀರುವಿಗೆ ಬೀಗ. ಮಕ್ಕಳು ಹರಿಯುತ್ತಾರಂತೆ. ಡ್ರಾಯಿಂಗ್ ಪೀರಿಯಡ್ ಗಣಿತಕ್ಕೆ ಹೋಗಿತ್ತು. ಅಲ್ಲಿ ಕ್ರೌಸ್ ಮೇಷ್ಟ್ರಂಥವರು ಇದ್ದರೂ ಅವರಿಗೆ ಪೀರಿಯಡ್ಡೇ ಇಲ್ಲ.

ನಮ್ಮ ಪತ್ರಿಕೆಯೂ ಈ ತಪ್ಪು ಮಾಡಿದೆ. ಮುಂದಿನ ಸಂಚಿಕೆಯಿಂದ ಮಕ್ಕಳ ಪುಟದಲ್ಲಿ ಚಿತ್ರ ಬರೆದವರ ಹೆಸರು ಕಥೆ ಬರೆದವರ ಹೆಸರಿನ ಪಕ್ಕದಲ್ಲೇ, ಅಷ್ಟೇ ಅಕ್ಷರದಲ್ಲಿ ಬರುತ್ತದೆ.

ನಿಮಗೆ ಆ ಹುಳದ ಪುಸ್ತಕದ ಒಂದು ಪ್ರತಿ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮದೇ ಕನ್ನಡದಲ್ಲಿ ಕಥೆ ಹೇಳಿ. ತೂತಿಗೆ ಬೆರಳು ಹಾಕಿದರೆ ತಡೆಯಬೇಡಿ. ಹರಿದರೂ ಪರವಾಗಿಲ್ಲ. ಆಮೇಲೆ ಇನ್ನೊಂದು ಪತ್ರ ಬರೆಯಿರಿ ಮೇಷ್ಟ್ರೇ, ಬೈದು ಬರೆದರೂ ಪ್ರಕಟಿಸುತ್ತೇನೆ.

- ಸಂಪಾದಕ