ಸಂಪಾದಕರ ಉತ್ತರ: ತಟ್ಟೆಯಲ್ಲಿ ಮಿಡಿಯುವ ಕೋಶ, ಅಣ್ಣನ ಹೃದಯ

ಶಿರಸಿ ಕಡೆಯ ಶಿಕ್ಷಕಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಕಳೆದ ಸಂಚಿಕೆಯಲ್ಲಿ 'ಪ್ರಯೋಗಾಲಯದಲ್ಲಿ ಬೆಳೆದ ಹೃದಯ' ಅಂತ ಲೇಖನ ಹಾಕಿದ್ದಿರಿ. ನನ್ನ ಅಣ್ಣನಿಗೆ ಹೋದ ವರ್ಷ ಹಾರ್ಟ್ ಅಟ್ಯಾಕ್ ಆಯಿತು. ಪಂಪಿಂಗ್ 30 ಪರ್ಸೆಂಟ್ ಅಂತೆ. ಈಗ ಒಂದು ಕ್ಲಿನಿಕ್‌ನವರು ಸೊಂಟದ ಮೂಳೆಯಿಂದ ಸ್ಟೆಮ್ ಸೆಲ್ ತೆಗೆದು ಇಂಜೆಕ್ಷನ್ ಕೊಟ್ಟರೆ ಸತ್ತ ಭಾಗ ಮತ್ತೆ ಬೆಳೆಯುತ್ತದೆ ಎನ್ನುತ್ತಿದ್ದಾರೆ. ಏಳು ಲಕ್ಷ ಬೇಕಂತೆ. ತೋಟ ಅಡ ಇಡುವ ಮಾತು ನಡೆದಿದೆ. ನಿಮ್ಮ ಲೇಖನ ಓದಿ ಅತ್ತಿಗೆಗೆ ಧೈರ್ಯ ಬಂದಿದೆ, ನನಗೆ ಯಾಕೋ ಅನುಮಾನ. ಕೈಗೆ ಗಾಯ ಆದರೆ ಮಾಯುತ್ತೆ, ಹೃದಯಕ್ಕೆ ಯಾಕೆ ಆಗಲ್ಲ? ತಟ್ಟೆಯಲ್ಲಿ ಬೆಳೆಯುವುದು ನಿಜವಾಗಲೂ ಹೃದಯವೇ?"

ಟೀಚರ್,

ಮೊದಲು ತೋಟದ ಮಾತು. ದಯವಿಟ್ಟು ಅಡ ಇಡಬೇಡಿ. ಕಾರಣ ಮುಂದೆ ಹೇಳುತ್ತೇನೆ. ಅದಕ್ಕೂ ಮುಂಚೆ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಲೇಖಕರು 'ಹೃದಯದ ಸ್ನಾಯುಕೋಶ' ಅಂತಲೇ ಬರೆದಿದ್ದರು. ತಲೆಬರಹ ಉದ್ದವಾಯಿತು ಅಂತ ನಾನು 'ಹೃದಯ' ಮಾಡಿದೆ. ಆ ಒಂದು ಪದ ನಿಮ್ಮ ಮನೆಯವರೆಗೆ ಬಂದು ತೋಟದ ಮೇಲೆ ಕೂತಿದೆ. ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಗಾಯದ ಪ್ರಶ್ನೆ ಒಳ್ಳೆಯ ಪ್ರಶ್ನೆ. ಚರ್ಮದ ಕೋಶ ದಿನಾ ಹುಟ್ಟುತ್ತದೆ, ಸಾಯುತ್ತದೆ. ಹೃದಯದ ಸ್ನಾಯುಕೋಶ ಹಾಗಲ್ಲ. ಎಷ್ಟು ಹೊಸದು ಹುಟ್ಟುತ್ತದೆ ಅಂತ ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. ಅದನ್ನು ತಿಳಿಯಲು ಸ್ವೀಡನ್ನಿನ ವಿಜ್ಞಾನಿಗಳು ಹಿಡಿದ ದಾರಿ ನೋಡಿ. 1950ರ ದಶಕದಿಂದ 1963ರವರೆಗೆ ದೊಡ್ಡ ದೇಶಗಳು ಬಯಲಿನಲ್ಲಿ ಅಣುಬಾಂಬ್ ಸಿಡಿಸಿದವು. ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣ ಸೂಸುವ ಕಾರ್ಬನ್ ಜಾಸ್ತಿ ಆಯಿತು, ಆಮೇಲೆ ವರ್ಷದಿಂದ ವರ್ಷಕ್ಕೆ ಇಳಿಯಿತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ಊಟಕ್ಕೆ, ಊಟದಿಂದ ನಮ್ಮ ಮೈಗೆ. ಒಂದು ಕೋಶ ಹುಟ್ಟುವಾಗ ಅದರ ಡಿಎನ್ಎಯಲ್ಲಿ ಆ ವರ್ಷದ ಕಾರ್ಬನ್ ಕೂತುಬಿಡುತ್ತದೆ, ಜನ್ಮಪತ್ರಿಕೆ ಬರೆದಿಟ್ಟ ಹಾಗೆ. ತೀರಿಕೊಂಡವರ ಹೃದಯದಲ್ಲಿ ಆ ಲೆಕ್ಕ ಓದಿ 2009ರಲ್ಲಿ ಅವರು ಹೇಳಿದ್ದು: 25ನೇ ವಯಸ್ಸಿನಲ್ಲಿ ವರ್ಷಕ್ಕೆ ನೂರರಲ್ಲಿ ಒಂದು ಕೋಶ ಹೊಸದಾಗುತ್ತದೆ, 75ಕ್ಕೆ ಬಂದಾಗ ಅದರ ಅರ್ಧಕ್ಕಿಂತಲೂ ಕಡಿಮೆ. ದೊಡ್ಡ ಅಟ್ಯಾಕ್ ಆದರೆ ಸುಮಾರು 100 ಕೋಟಿ ಕೋಶ ಹೋಗುತ್ತವೆ. ಈ ವೇಗದಲ್ಲಿ ತುಂಬಿಕೊಳ್ಳುವುದು ಆಗದ ಮಾತು. ಸತ್ತ ಜಾಗದಲ್ಲಿ ಕಲೆ ಗಟ್ಟುತ್ತದೆ. ಕಲೆ ಗೋಡೆ ಒಡೆಯದಂತೆ ಕಾಯುತ್ತದೆ, ಆದರೆ ಕುಗ್ಗಿ ಹಿಗ್ಗುವುದಿಲ್ಲ.

ಹಾಗಾದರೆ ಹೊರಗೆ ಬೆಳೆಸೋಣ ಅನ್ನುವುದೇ ಆ ಲೇಖನದ ವಿಷಯ. 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಥಾಮ್ಸನ್ ಮನುಷ್ಯ ಭ್ರೂಣದ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಬೆಳೆಸಿದರು. ಮೈಯ ಯಾವ ಕೋಶ ಬೇಕಾದರೂ ಆಗಬಲ್ಲ ಕೋಶ ಅದು. 2001ರಲ್ಲಿ ಇಸ್ರೇಲ್‌ನ ಹೈಫಾದಲ್ಲಿ ಅವುಗಳಿಂದ ಮಿಡಿಯುವ ಹೃದಯಕೋಶ ಬಂತು. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯರ ಚರ್ಮದ ಕೋಶಕ್ಕೆ ನಾಲ್ಕು ಜೀನ್ ಸೇರಿಸಿ ಅದನ್ನೇ ಆಕರಕೋಶ ಮಾಡಿದರು. ಭ್ರೂಣ ಬೇಕಾಗಲೇ ಇಲ್ಲ. 2012ರಲ್ಲಿ ಅವರಿಗೆ ನೊಬೆಲ್ ಬಂತು.

ಮೊದಮೊದಲು ಕೋಶಗಳನ್ನು ಮುದ್ದೆ ಮಾಡಿ ಬಿಡುತ್ತಿದ್ದರು. ಎಲ್ಲೋ ಒಂದು ಮೂಲೆ ಮಿಡಿಯುತ್ತಿತ್ತು. ಈಗ ಎರಡು ರಾಸಾಯನಿಕ ಸಾಕು. ಕೋಶದೊಳಗೆ 'ವಿಂಟ್' ಎಂಬ ಒಂದು ಸಂಕೇತ ಇದೆ. ಮೊದಲ ದಿನ ಒಂದು ರಾಸಾಯನಿಕ ಹಾಕಿ ಅದನ್ನು ಎಬ್ಬಿಸುತ್ತಾರೆ, ಮೂರನೇ ದಿನ ಇನ್ನೊಂದು ಹಾಕಿ ಮಲಗಿಸುತ್ತಾರೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಹದ ಮತ್ತು ಹೊತ್ತೇ ಎಲ್ಲ. ಸುಡುವಾಗ ಹಾಕಿದರೂ ಕೆಟ್ಟಿತು, ಆರಿದ ಮೇಲೆ ಹಾಕಿದರೂ ಕೆಟ್ಟಿತು. ಸರಿ ಹೋದರೆ ಎಂಟು-ಹತ್ತು ದಿನಕ್ಕೆ ತಟ್ಟೆ ಮಿಡಿಯತೊಡಗುತ್ತದೆ.

ಇದನ್ನು ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕಣ್ಣಾರೆ ನೋಡಿದ್ದೇನೆ. ಸಂಶೋಧನಾ ವಿದ್ಯಾರ್ಥಿನಿ ಒಬ್ಬರು ಬೆಚ್ಚನೆಯ ಪೆಟ್ಟಿಗೆಯಿಂದ ತಟ್ಟೆ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ನೀರು ಬೆರೆಸಿದ ದಾಳಿಂಬೆ ರಸದ ಬಣ್ಣದ ದ್ರವ. ಅದರ ತಳದಲ್ಲಿ ತೆಳ್ಳನೆಯ ಪದರ. ಕೆನೆಯನ್ನು ಯಾರೋ ಕೆಳಗಿನಿಂದ ಚಿವುಟಿ ಬಿಟ್ಟ ಹಾಗೆ ಇಡೀ ಪದರ ಒಮ್ಮೆ ಬಿಗಿಯುತ್ತಿತ್ತು, ಸಡಿಲವಾಗುತ್ತಿತ್ತು. ಕಣ್ಣು ತುಂಬಿ ಬಂತು. ಐದು ನಿಮಿಷ ಕಳೆಯುವಷ್ಟರಲ್ಲಿ ಮಿಡಿತ ನಿಧಾನ ಆಯಿತು. "ಚಳಿ ಆಗ್ತಿದೆ ಸರ್ ಇವಕ್ಕೆ, ಒಳಗಿಡ್ತೀನಿ" ಅಂದರು ಆ ಹುಡುಗಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಅದು ಹೃದಯವೇ? ಹೃದಯದ ಕೋಶ ಹೌದು, ಆದರೆ ಬಲಿತ ಕೋಶ ಅಲ್ಲ. ನನ್ನ ಕಣ್ಣು ತುಂಬಿಸಿದ ಆ ಮಿಡಿತವೇ ಅದರ ಎಳೆತನದ ಗುರುತು. ದೊಡ್ಡವರ ಹೃದಯದ ಕೆಳಕೋಣೆಯ ಸ್ನಾಯುಕೋಶ ಸುಮ್ಮನೆ ತಾನಾಗಿ ಮಿಡಿಯುವುದಿಲ್ಲ. ಬಲ ಮೇಲ್ಕೋಣೆಯಲ್ಲಿ ತಾಳ ಹಾಕುವ ಒಂದು ಪುಟ್ಟ ಗಂಟು ಇದೆ. ಅಲ್ಲಿಂದ ಸಂಕೇತ ಬಂದಾಗಲೇ ಇದು ಕುಗ್ಗಬೇಕು. ನಿಮ್ಮ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಭಾಗವತರ ತಾಳ ಒಂದು ಕಡೆ, ಹೊಸ ಹುಡುಗನ ಚೆಂಡೆ ಇನ್ನೊಂದು ಕಡೆ ಹೋದರೆ ರಂಗಸ್ಥಳ ಏನಾಗುತ್ತದೆ?

ಆಗಿದ್ದೂ ಅದೇ. 2014ರಲ್ಲಿ ಸಿಯಾಟಲ್‌ನ ಚಾರ್ಲ್ಸ್ ಮರ್ರಿ ಅವರ ತಂಡ ಮಂಗಗಳ ಗಾಯಗೊಂಡ ಹೃದಯಕ್ಕೆ ಇಂಥ 100 ಕೋಟಿ ಕೋಶ ಹಾಕಿತು. ಕೋಶಗಳು ಉಳಿದವು, ರಕ್ತನಾಳ ಬಂತು, ಹಳೆಯ ಸ್ನಾಯುವಿನ ಜೊತೆ ಕೂಡಿಕೊಂಡವು. ಜೊತೆಗೇ ಎದೆಬಡಿತ ತಾಳ ತಪ್ಪಿತು. ಅದಕ್ಕೇ 2023ರಲ್ಲಿ ಅದೇ ತಂಡ ನಾಲ್ಕು ಜೀನ್ ಬದಲಾಯಿಸಿ, ತಾನಾಗಿ ಮಿಡಿಯದೆ ಸಂಕೇತಕ್ಕೆ ಕಾಯುವ ಕೋಶಗಳನ್ನು ಮಾಡಿತು. ಇಷ್ಟು ವರ್ಷ ಮಿಡಿಸಲು ಕಷ್ಟಪಟ್ಟವರು ಈಗ ಸುಮ್ಮನಿರಿಸಲು ಕಷ್ಟಪಡುತ್ತಿದ್ದಾರೆ.

ಮನುಷ್ಯರಲ್ಲೂ ಪ್ರಯೋಗ ಶುರುವಾಗಿದೆ. 2020ರಲ್ಲಿ ಜಪಾನಿನ ಒಸಾಕಾದಲ್ಲಿ ಒಬ್ಬ ರೋಗಿಯ ಹೃದಯದ ಮೇಲೆ ಇಂಥ ಕೋಶಗಳ ಹಾಳೆ ಅಂಟಿಸಿದರು. ಜರ್ಮನಿಯ ಗೋಟಿಂಗೆನ್ ತಂಡ 46 ವರ್ಷದ ಮಹಿಳೆಗೆ 40 ಕೋಟಿ ಕೋಶಗಳ ತೇಪೆ ಹಾಕಿತು. ಮೂರು ತಿಂಗಳ ನಂತರ ಅವರಿಗೆ ದಾನಿಯ ಹೃದಯ ಸಿಕ್ಕಿತು. ತೆಗೆದ ಹಳೆಯ ಹೃದಯದಲ್ಲಿ ತೇಪೆ ಜೀವಂತ ಇತ್ತು, ರಕ್ತನಾಳವೂ ಹಬ್ಬಿತ್ತು. 2025ರ ಜನವರಿಯಲ್ಲಿ ಇದು ಪ್ರಕಟವಾಯಿತು. ಸಣ್ಣ ವಿಷಯ ಅಲ್ಲ. ಆದರೆ ನೋಡಿ, ಆಕೆಗೂ ಕೊನೆಗೆ ಬೇರೆ ಹೃದಯವೇ ಬೇಕಾಯಿತು.

ಇನ್ನು ಆ ಕ್ಲಿನಿಕ್. ಅವರು ಕೊಡುವುದು ಈ ಯಾವುದೂ ಅಲ್ಲ. ಮೂಳೆಮಜ್ಜೆಯ ಕೋಶದ ಕಸುಬು ರಕ್ತ ತಯಾರಿಸುವುದು. ಅದು ಹೃದಯದ ಸ್ನಾಯು ಆಗುತ್ತದೆ ಅಂತ 2001ರಲ್ಲಿ ಇಲಿಗಳ ಮೇಲಿನ ಒಂದು ವರದಿ ಬಂತು. ಲೋಕವೆಲ್ಲ ಅದರ ಹಿಂದೆ ಓಡಿತು. 2004ರಲ್ಲಿ ಬೇರೆ ತಂಡಗಳು ಕೋಶಕ್ಕೆ ಗುರುತು ಹಾಕಿ ಹಿಂಬಾಲಿಸಿದಾಗ ಅವು ಸ್ನಾಯು ಆಗಿರಲಿಲ್ಲ. ಆ ವರದಿಯ ಹಿಂದಿದ್ದ ಸಂಶೋಧಕರ ಪ್ರಯೋಗಾಲಯದ 31 ಪ್ರಬಂಧಗಳನ್ನು ಹಿಂಪಡೆಯಬೇಕು ಅಂತ 2018ರಲ್ಲಿ ಹಾರ್ವರ್ಡ್ ಹೇಳಿತು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಸ್ಪಷ್ಟ ಇದೆ. ರಕ್ತದ ಕೆಲವು ಕಾಯಿಲೆಗಳನ್ನು ಬಿಟ್ಟರೆ ಸ್ಟೆಮ್ ಸೆಲ್ ಅನ್ನು ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ಕೊಡುವಂತಿಲ್ಲ. ಅವರನ್ನು ಎರಡೇ ಮಾತು ಕೇಳಿ: ಇದು ಪ್ರಯೋಗ ಆಗಿದ್ದರೆ ಸಿಟಿಆರ್‌ಐ (ನಮ್ಮ ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಏನು? ಪ್ರಯೋಗದ ಚಿಕಿತ್ಸೆಗೆ ರೋಗಿಯಿಂದ ಏಳು ಲಕ್ಷ ಯಾಕೆ?

ಅತ್ತಿಗೆಯವರಿಗೆ ಒಂದು ವಿಷಯ ಹೇಳಿ. 30 ಅನ್ನುವುದು ನೂರಕ್ಕೆ ಬಂದ ಮಾರ್ಕ್ಸ್ ಅಲ್ಲ. ಆರೋಗ್ಯವಂತ ಹೃದಯವೂ ಒಂದು ಮಿಡಿತಕ್ಕೆ ತನ್ನಲ್ಲಿರುವ ರಕ್ತದ 55ರಿಂದ 70 ಪರ್ಸೆಂಟ್ ಮಾತ್ರ ಹೊರಗೆ ತಳ್ಳುತ್ತದೆ. 30 ಕಡಿಮೆಯೇ, ನಿಜ. ಆದರೆ ಹೃದಯ ಸೋತವರಿಗೆ ಈಗ ನಾಲ್ಕು ಬಗೆಯ ಒಳ್ಳೆಯ ಮಾತ್ರೆಗಳಿವೆ. ಬಿಡದೆ ತೆಗೆದುಕೊಂಡ ಎಷ್ಟೋ ಜನರಿಗೆ ಆ ಅಂಕಿ ಏರಿದೆ. ನಾಲ್ಕೂ ಅಣ್ಣನಿಗೆ ನಡೆಯುತ್ತಿದೆಯಾ? 35ರ ಒಳಗೆ ಇರುವವರಿಗೆ ಬಡಿತ ತಪ್ಪಿದರೆ ಸರಿಪಡಿಸುವ ಐಸಿಡಿ ಸಾಧನ ಬೇಕಾಗಬಹುದು. ಅದನ್ನು ಯಾರಾದರೂ ಪ್ರಸ್ತಾಪಿಸಿದ್ದಾರಾ? ನಿಮ್ಮ ಹೃದ್ರೋಗ ತಜ್ಞರ ಹತ್ತಿರ ಈ ಎರಡನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ತಲೆಬರಹದ ತಿದ್ದುಪಡಿಯನ್ನು ಈ ಸಂಚಿಕೆಯ ಮೂರನೇ ಪುಟದಲ್ಲಿ, ಲೇಖನ ಬಂದಿದ್ದಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿದ್ದೇವೆ. ಅದರ ಒಂದು ಪ್ರತಿಯನ್ನು ಅತ್ತಿಗೆಯವರ ಹೆಸರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಅಣ್ಣನ ಮುಂದಿನ ಎಕೋದಲ್ಲಿ (ಹೃದಯದ ಸ್ಕ್ಯಾನ್) ಅಂಕಿ ಎಷ್ಟು ಬಂತು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.