ಅಮೆರಿಕದ ದೊಡ್ಡ ಟೆಕ್ ಕಂಪನಿಯಲ್ಲಿ ಕೆಲಸ: ಒಳಗೆ ನಿಜವಾಗಿ ಹೇಗಿರುತ್ತದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಮುಗಿಸುತ್ತಿದ್ದೀರಿ, ಬೆಂಗಳೂರಿನಲ್ಲಿ ಕಚೇರಿ ಇರುವ ಅಮೆರಿಕದ ದೊಡ್ಡ ಕಂಪನಿಯೊಂದು ಕೆಲಸ ಕೊಡುತ್ತೇನೆಂದಿದೆ. ಸಂಬಳದ ಅಂಕಿ ಕೇಳಿ ಮನೆಯವರು ಹಿಗ್ಗಿದ್ದಾರೆ, ಸೀನಿಯರ್‌ಗಳು ಹೆದರಿಸುತ್ತಿದ್ದಾರೆ. ನಾನು ತೀರ್ಥಹಳ್ಳಿ ತಾಲ್ಲೂಕಿನವಳು, ಅಡಿಕೆ ತೋಟದ ಮನೆಯವಳು, ಅಂಥದ್ದೇ ಕಂಪನಿಯೊಂದರಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಸೇರಿ ಎಂದೇ ಹೇಳುತ್ತೇನೆ. ಆದರೆ ಅಲ್ಲಿ ನೀವು ಚೆನ್ನಾಗಿ ಕೆಲಸ ಮಾಡುವುದು ಒಂದು ಲೆಕ್ಕ, ನಿಮ್ಮ ಕೆಲಸ ಉಳಿಯುವುದು ಇನ್ನೊಂದು ಲೆಕ್ಕ. ಎರಡನ್ನೂ ಒಂದೇ ಎಂದುಕೊಂಡವರೇ ಹೆಚ್ಚು ನೊಂದದ್ದನ್ನು ಕಂಡಿದ್ದೇನೆ.

ಪುಕ್ಕಟೆ ಊಟ, ಕ್ಯಾಬ್, ಜಿಮ್ ಇವೆಲ್ಲ ಇರಲಿ. ಆರು ತಿಂಗಳು ಕಳೆದರೆ ಅವು ಕಣ್ಣಿಗೇ ಬೀಳುವುದಿಲ್ಲ.

ಕಲಿಕೆ ಮಾತ್ರ ನಿಜವಾದ ಲಾಭ. ಕಾಲೇಜಿನಲ್ಲಿ ಪ್ರೋಗ್ರಾಂ ಒಮ್ಮೆ ಓಡಿದರೆ ಮುಗಿಯಿತು. ಇಲ್ಲಿ ನೀವು ಬರೆದ ಪ್ರತಿ ಸಾಲನ್ನೂ ಇನ್ನೊಬ್ಬರು ಓದಿ ಒಪ್ಪಬೇಕು. ನಾನು ಸೇರಿದ ಹೊಸದರಲ್ಲಿ, ಗಂಟೆಗೆ ಎಷ್ಟು ಜನ ಬಳಸಿದರು ಎಂದು ತೋರಿಸುವ ಪುಟ್ಟ ವರದಿಯ ಕೆಲಸ ಕೊಟ್ಟಿದ್ದರು. ಅದನ್ನು ಪರಿಶೀಲಿಸಿದ ಅಮೆರಿಕದ ಸಹೋದ್ಯೋಗಿ ಕೇಳಿದ್ದು ಇಷ್ಟೇ: ‘ನವೆಂಬರ್‌ನ ಮೊದಲ ಭಾನುವಾರ ನಮ್ಮಲ್ಲಿ ರಾತ್ರಿ ಒಂದರಿಂದ ಎರಡರವರೆಗಿನ ಗಂಟೆ ಎರಡು ಸಲ ಬರುತ್ತದೆ. ಆಗ ಈ ವರದಿ ಏನು ತೋರಿಸುತ್ತದೆ?’ ಆ ದೇಶದ ಹೆಚ್ಚಿನ ಭಾಗದಲ್ಲಿ ಮಾರ್ಚ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ ನವೆಂಬರ್‌ನಲ್ಲಿ ಹಿಂದಕ್ಕೂ ಇಡುತ್ತಾರೆ. ವರ್ಷವಿಡೀ ಒಂದೇ ಸಮಯ ನೋಡಿ ಬೆಳೆದ ನಮಗೆ ಇದು ಹೊಳೆಯುವ ಸಂಗತಿಯೇ ಅಲ್ಲ. ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮಾನಕ ಸಮಯದಲ್ಲಿ ಉಳಿಸಿಟ್ಟು, ತೋರಿಸುವಾಗ ಮಾತ್ರ ಸ್ಥಳೀಯ ಸಮಯಕ್ಕೆ ಬದಲಿಸಬೇಕೆಂಬ ಪುಸ್ತಕದ ಮಾತಿಗೆ ಅಂದು ಅರ್ಥ ಬಂತು. ಇಂಥ ಕಣ್ಣುಳ್ಳವರು ನಿಮ್ಮ ಕೆಲಸವನ್ನು ದಿನವೂ ಓದುತ್ತಾರೆ ಎನ್ನುವುದೇ ದೊಡ್ಡ ಕಂಪನಿಯ ಅತಿ ಒಳ್ಳೆಯ ಭಾಗ.

ಅದೇ ಗಡಿಯಾರ ನಿಮ್ಮ ಸಂಜೆಯನ್ನೂ ಆಳುತ್ತದೆ. ಕ್ಯಾಲಿಫೋರ್ನಿಯಾದವರು ಬೆಳಗ್ಗೆ 9ಕ್ಕೆ ಇಟ್ಟ ಸಭೆ ನಮಗೆ ಅವರ ಬೇಸಿಗೆಯಲ್ಲಿ ರಾತ್ರಿ 9.30ಕ್ಕೆ, ಅವರ ಚಳಿಗಾಲದಲ್ಲಿ 10.30ಕ್ಕೆ. ಇದನ್ನು ಯಾವ ನೇಮಕಾತಿ ಪತ್ರವೂ ಹೇಳುವುದಿಲ್ಲ.

ಅದಕ್ಕಿಂತ ಕಠಿಣವಾದದ್ದು ಆನ್‌ಕಾಲ್. ತಂಡದ ಪ್ರತಿಯೊಬ್ಬರಿಗೂ ಸರದಿಯ ಮೇಲೆ ಒಂದು ವಾರ. ಎಲ್ಲಿ ಏನು ಕೆಟ್ಟರೂ, ರಾತ್ರಿ ಎರಡು ಗಂಟೆಯಾದರೂ, ಫೋನ್ ಕೂಗಿದ ಕೆಲವೇ ನಿಮಿಷಗಳಲ್ಲಿ ಲ್ಯಾಪ್‌ಟಾಪ್ ಮುಂದೆ ಇರಬೇಕು. ಕೋವಿಡ್ ಕಾಲದಲ್ಲಿ ಊರಿನಿಂದಲೇ ಕೆಲಸ ಮಾಡುತ್ತಿದ್ದಾಗ ಇದರ ಪೂರ್ತಿ ರುಚಿ ಸಿಕ್ಕಿತು. ಆಷಾಢದ ಮಳೆ. ಕೊಂಬೆ ಬಿದ್ದು ಕರೆಂಟೂ ಫೈಬರೂ ಒಟ್ಟಿಗೆ ಹೋಗಿ, ಇನ್ವರ್ಟರ್ ಬೀಪ್ ಎನ್ನುತ್ತಿರುತ್ತದೆ. ಮಳೆ ಒಂದಿಷ್ಟು ಹೊಳವಾದ ದಿನವೇ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಕಲಸಿದ ಬೋರ್ಡೋ ದ್ರಾವಣವನ್ನು ಅಂದೇ ಮುಗಿಸಬೇಕು. ಅಪ್ಪ ಡ್ರಮ್ಮಿನ ಬಳಿ ನಿಂತು ‘ಸುಣ್ಣದ ತಿಳಿ ತಾರೇ’ ಎಂದು ಕೂಗುತ್ತಿದ್ದಾರೆ, ನಾನು ಜಗಲಿಯಲ್ಲಿ ಎರಡು ಮೊಬೈಲ್ ಇಟ್ಟುಕೊಂಡು ಯಾವ ಸಿಮ್‌ಗೆ ಸಿಗ್ನಲ್ ಬರುತ್ತದೆ ಎಂದು ನೋಡುತ್ತಿದ್ದೇನೆ. ಆನ್‌ಕಾಲ್ ವಾರ ಮಳೆಗಾಲದಲ್ಲಿ ಬಿದ್ದರೆ ಈಗ ನಾನು ಬೆಂಗಳೂರು ಬಿಡುವುದಿಲ್ಲ.

ಇನ್ನು ದುಡ್ಡು. ಪತ್ರದಲ್ಲಿ ವರ್ಷಕ್ಕೆ ಇಷ್ಟು ಲಕ್ಷ ಎಂದಿರುವುದರಲ್ಲಿ ಮೂಲ ಸಂಬಳ, ಬೋನಸ್, ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ, ಕಂಪನಿಯ ಷೇರು ಎಲ್ಲವೂ ಸೇರಿರುತ್ತವೆ. ತಿಂಗಳಿಗೆ ಕೈಗೆ ಬರುವುದು ಎಷ್ಟು ಎಂದು ಬೇರೆಯಾಗಿ ಕೇಳಿ. ಆರ್‌ಎಸ್‌ಯು ಎಂದು ಕರೆಯುವ ಷೇರನ್ನು ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಹಂಚಿ ಕೊಡುತ್ತಾರೆ. ಹಲವೆಡೆ ಮೊದಲ ಕಂತಿಗೇ ಒಂದು ವರ್ಷ ಕಾಯಬೇಕು, ನಡುವೆ ಬಿಟ್ಟರೆ ಉಳಿದದ್ದು ಹೋಯಿತು. ಬೆಲೆಯೂ ನಿಮ್ಮ ಕೈಯಲ್ಲಿಲ್ಲ. ಅಡಿಕೆ ಬೆಳೆಯುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹೋದ ವರ್ಷದ ರಾಶಿ ಇಡಿ ಅಡಿಕೆಯ ದರ ನಂಬಿ ಈ ವರ್ಷ ಸಾಲ ಮಾಡಿದವರ ಕಥೆ ಪ್ರತಿ ಊರಿನಲ್ಲೂ ಇದೆ. ಮನೆ ಸಾಲದ ಕಂತನ್ನು ಮೂಲ ಸಂಬಳದ ಅಳತೆಯಲ್ಲೇ ಇಟ್ಟುಕೊಳ್ಳಿ, ಷೇರಿನ ಅಳತೆಯಲ್ಲಿ ಬೇಡ.

ತೆರಿಗೆಯನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಷೇರು ನಿಮ್ಮ ಖಾತೆಗೆ ಬಂದ ದಿನದ ಬೆಲೆ ಸಂಬಳವೆಂದೇ ಲೆಕ್ಕ. ನೀವು ಮಾರದಿದ್ದರೂ ತೆರಿಗೆ ಬೀಳುತ್ತದೆ. ಮಾರಿದಾಗ ಬರುವ ಲಾಭಕ್ಕೆ ಮತ್ತೆ ಬೇರೆ ತೆರಿಗೆ: ವಿದೇಶಿ ಷೇರನ್ನು 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡಿದ್ದರೆ ಅದು ದೀರ್ಘಾವಧಿ, 2024ರ ಜುಲೈ 23ರಿಂದ ಅದರ ದರ ಶೇ 12.5. ಲಾಭಾಂಶ ಬಂದರೆ ಅಮೆರಿಕ ಶೇ 25 ಹಿಡಿದುಕೊಳ್ಳುತ್ತದೆ, ಅದನ್ನು ಇಲ್ಲಿನ ತೆರಿಗೆಯಲ್ಲಿ ಹೊಂದಿಸಿಕೊಳ್ಳಲು ಅದಕ್ಕೆಂದೇ ಇರುವ ಫಾರ್ಮ್ ಸಲ್ಲಿಸಬೇಕು. ಒಂದೇ ಒಂದು ವಿದೇಶಿ ಷೇರು ಇದ್ದರೂ ಐಟಿಆರ್‌-1 ಎಂಬ ಸರಳ ತೆರಿಗೆ ರಿಟರ್ನ್ ನಡೆಯುವುದಿಲ್ಲ, ರಿಟರ್ನ್‌ನಲ್ಲಿ ವಿದೇಶಿ ಆಸ್ತಿಗೆಂದೇ ಇರುವ ಶೆಡ್ಯೂಲ್ ಎಫ್‌ಎಯಲ್ಲಿ ಅದನ್ನು ತೋರಿಸಲೇಬೇಕು, ಅದೂ ಏಪ್ರಿಲ್‌ನಿಂದ ಮಾರ್ಚ್ ಅಲ್ಲ, ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ ಹತ್ತು ಲಕ್ಷ ರೂಪಾಯಿ ದಂಡಕ್ಕೆ ದಾರಿಯಿದೆ. ಸಣ್ಣ ಮೊತ್ತಕ್ಕೆ 2024ರ ಅಕ್ಟೋಬರ್‌ನಿಂದ ವಿನಾಯಿತಿ ಕೊಟ್ಟಿದ್ದಾರೆ ಎಂದು ಸುಮ್ಮನಿರಬೇಡಿ. ಮನೆಯ ಅಡಿಕೆ ಲೆಕ್ಕ ಬರೆಯುವ ಆಡಿಟರ್ ಒಳ್ಳೆಯವರೇ ಇರಬಹುದು, ಆದರೆ ವಿದೇಶಿ ಷೇರಿನ ರಿಟರ್ನ್ ಮಾಡಿ ಅಭ್ಯಾಸವಿದೆಯೇ ಎಂದು ಕೇಳಿಯೇ ಕೊಡಿ.

ಸೀನಿಯರ್‌ಗಳ ಹೆದರಿಕೆಗೆ ಬರುತ್ತೇನೆ. ಅದು ಸುಳ್ಳಲ್ಲ. 2022ರ ನವೆಂಬರ್‌ನಲ್ಲಿ ಮೆಟಾ 11 ಸಾವಿರಕ್ಕೂ ಹೆಚ್ಚು ಜನರನ್ನು, 2023ರ ಜನವರಿಯಲ್ಲಿ ಗೂಗಲ್ ಸುಮಾರು 12 ಸಾವಿರ, ಮೈಕ್ರೋಸಾಫ್ಟ್ 10 ಸಾವಿರ ಜನರನ್ನು ತೆಗೆಯುವುದಾಗಿ ಹೇಳಿದವು. ಸಾಂಕ್ರಾಮಿಕದ ಕಾಲದಲ್ಲಿ ಎಲ್ಲರೂ ಆನ್‌ಲೈನ್‌ಗೆ ಬಂದಾಗ ಕಂಪನಿಗಳು ಬೇಕಾಬಿಟ್ಟಿ ಜನ ತುಂಬಿಕೊಂಡಿದ್ದವು. ಬಡ್ಡಿ ಏರಿ ಬೆಳವಣಿಗೆ ನಿಂತಾಗ ಕತ್ತರಿ ಹಿಡಿದವು. ನಮ್ಮಲ್ಲೂ ಆಯಿತು. ನನಗೆ ಕೆಲಸ ಕಲಿಸಿದ, ಆ ವರ್ಷವಷ್ಟೇ ಕೆಲಸಕ್ಕೆ ಒಳ್ಳೆಯ ಶ್ರೇಣಿ (ರೇಟಿಂಗ್) ಪಡೆದಿದ್ದ ಸಹೋದ್ಯೋಗಿಯ ಲಾಗಿನ್ ಒಂದು ಬೆಳಗ್ಗೆ ತೆರೆಯಲಿಲ್ಲ. ಅವರ ತಂಡವನ್ನೇ ಮುಚ್ಚಿದ್ದರು. ಅವರ ಮ್ಯಾನೇಜರ್‌ಗೂ ಇಮೇಲ್ ಬಂದಾಗಲೇ ಗೊತ್ತಾದದ್ದು. ವಾರ್ಷಿಕ ಶ್ರೇಣಿಯೂ ಹೀಗೆಯೇ: ನಿಮ್ಮ ಮ್ಯಾನೇಜರ್ ಬರೆದದ್ದನ್ನು ನೀವಿಲ್ಲದ ಕೋಣೆಯಲ್ಲಿ ಬೇರೆ ತಂಡದವರ ಜೊತೆ ತೂಗುತ್ತಾರೆ, ಅಲ್ಲಿ ನಿಮ್ಮ ಪರವಾಗಿ ಮಾತನಾಡಬಲ್ಲ ಮ್ಯಾನೇಜರ್ ಸಿಕ್ಕಿದ್ದರೆ ಅದು ಅರ್ಧ ಅದೃಷ್ಟ. ಹಾಗಾಗಿ ಮಾಡಿದ್ದನ್ನು ಪ್ರತಿ ತಿಂಗಳೂ ನಾಲ್ಕು ಸಾಲಿನಲ್ಲಿ ಬರೆದಿಡಿ. ನಮ್ಮ ಕಡೆಯವರಿಗೆ ತಮ್ಮ ಕೆಲಸವನ್ನು ತಾವೇ ಹೇಳಿಕೊಳ್ಳುವುದು ಸಂಕೋಚ. ಆ ಸಂಕೋಚಕ್ಕೆ ಅಲ್ಲಿ ಬೆಲೆ ಇಲ್ಲ.

ಕಂಪನಿಯ ಆರೋಗ್ಯ ವಿಮೆಯನ್ನು ಮಾತ್ರ ಹೊಗಳುತ್ತೇನೆ. ಅನೇಕ ಕಂಪನಿಗಳು ತಂದೆತಾಯಿಯನ್ನೂ ಸೇರಿಸುತ್ತವೆ, ಹಳೆಯ ಕಾಯಿಲೆಗೆ ಕಾಯುವ ಅವಧಿ ಇರುವುದಿಲ್ಲ. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ ಬಂದ ಮನೆಗಳಿಗೆ ಅದರ ಬೆಲೆ ಗೊತ್ತು. ಆದರೆ ಕೆಲಸ ಹೋದ ದಿನ ಅದೂ ಹೋಗುತ್ತದೆ. ಮೊದಲ ವರ್ಷವೇ ಅಪ್ಪ ಅಮ್ಮನಿಗೆ ಸ್ವಂತ ಪಾಲಿಸಿ ಮಾಡಿಸಿ, ಆರು ತಿಂಗಳ ಖರ್ಚನ್ನು ಬೇರೆ ಖಾತೆಯಲ್ಲಿ ಇಡಿ.

ಸಹಿ ಹಾಕುವ ಮುನ್ನ ಎಚ್‌ಆರ್‌ಗೆ ಫೋನ್ ಮಾಡಿ ಕೇಳಿ: ಯಾವ ತಂಡ, ಅದು ಏನು ಮಾಡುತ್ತದೆ, ಆನ್‌ಕಾಲ್ ಎಷ್ಟು ವಾರಕ್ಕೊಮ್ಮೆ, ವಾರಕ್ಕೆ ಎಷ್ಟು ದಿನ ಕಚೇರಿಗೆ ಬರಬೇಕು, ಜಾಯ್ನಿಂಗ್ ಬೋನಸ್ ಎಷ್ಟು ತಿಂಗಳೊಳಗೆ ಬಿಟ್ಟರೆ ಹಿಂದಿರುಗಿಸಬೇಕು. ಊರಿನಿಂದಲೇ ಕೆಲಸ ಮಾಡಬಹುದು ಎಂದು ಬಾಯಿಮಾತಿನಲ್ಲಿ ಹೇಳಿದರೆ ಅದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬರೆದು ಕೊಡದಿದ್ದರೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಲು ಈಗಲೇ ಶುರು ಮಾಡಿ.