ಗ್ರಹಣ ಬಿಟ್ಟ ಮೇಲೆ ಮಾಸ್ತರು ಸ್ನಾನ ಮಾಡಿದ್ದೇಕೆ?

ನಮಸ್ಕಾರ.

ನೀವು ಕಳಿಸಿದ ‘ವಿಜ್ಞಾನ, ಧರ್ಮ: ಒಂದೇ ನಾಣ್ಯದ ಎರಡು ಮುಖಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ.

ಮೊದಲು ಐನ್‌ಸ್ಟೈನ್. ಧರ್ಮವಿಲ್ಲದ ವಿಜ್ಞಾನ ಕುಂಟು ಎಂಬ ಅವರ ಮಾತಿನಿಂದ ಶುರು ಮಾಡಿದ್ದೀರಿ. ಈ ವಿಷಯದ ಮೇಲೆ ನಮಗೆ ಬರುವ ಬರಹಗಳು ಹೆಚ್ಚುಕಡಿಮೆ ಎಲ್ಲವೂ ಅಲ್ಲಿಂದಲೇ ಹೊರಡುತ್ತವೆ. ಆದರೆ ಪ್ರಾರ್ಥನೆಗೆ ಓಗೊಡುವ ದೇವರನ್ನು ಅವರು ನಂಬಿರಲಿಲ್ಲ. ಅದನ್ನು ನೀವೂ ಹೇಳದೆ ಬಿಟ್ಟಿದ್ದೀರಿ.

ಎರಡನೇ ಪುಟದಲ್ಲಿ, ವಿಶ್ವದ ಆರಂಭವನ್ನು ವಿವರಿಸುವ ಮಹಾಸ್ಫೋಟ (ಬಿಗ್ ಬ್ಯಾಂಗ್) ಸಿದ್ಧಾಂತ ಎಂದರೆ ವೇದದ ಹಿರಣ್ಯಗರ್ಭವೇ, ಅಂದರೆ ಸೃಷ್ಟಿಗೆ ಮೂಲವಾದ ಚಿನ್ನದ ಗರ್ಭವೇ, ಎಂದಿದ್ದೀರಿ. ಆ ಸಿದ್ಧಾಂತಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಜಾರ್ಜ್ ಲೆಮೈತ್ರ್ ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದವರು. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್, ದೇವರ ಸೃಷ್ಟಿಗೆ ಈಗ ವಿಜ್ಞಾನವೇ ಸಾಕ್ಷಿ ಹೇಳುತ್ತಿದೆ ಎಂಬಂತೆ ಭಾಷಣ ಮಾಡಿದರು. ಖುಷಿಪಡಬೇಕಿದ್ದ ಲೆಮೈತ್ರ್ ಅವರಿಗೆ ಅದು ಹಿಡಿಸಲಿಲ್ಲ. ತಮ್ಮ ಸಿದ್ಧಾಂತಕ್ಕೂ ದೇವರ ಪ್ರಶ್ನೆಗೂ ಸಂಬಂಧವಿಲ್ಲ ಎಂಬುದು ಅವರ ನಿಲುವು. ಪಾದ್ರಿಯೇ ಬೇಡವೆಂದ ನಂಟನ್ನು ನೀವು ಒಂದೇ ವಾಕ್ಯದಲ್ಲಿ ಕುದುರಿಸಿಬಿಟ್ಟಿರಿ! ನಾಳೆ ಆ ಸಿದ್ಧಾಂತ ಬದಲಾದರೆ ಹಿರಣ್ಯಗರ್ಭವನ್ನೂ ತಿದ್ದುತ್ತೀರಾ?

ನಾಲ್ಕನೇ ಪುಟದಲ್ಲಿ, ಸುಮ್ನೆ ಒಂದು ಉದಾಹರಣೆ ಎಂಬಂತೆ, ನಿಮ್ಮ ತಂದೆ ಬರುತ್ತಾರೆ. ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. 1980ರ ಫೆಬ್ರವರಿ 16, ಖಗ್ರಾಸ ಸೂರ್ಯಗ್ರಹಣ. ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದಾಗ ಅವರು ರಟ್ಟಿಗೆ ತೂತು ಮಾಡಿ, ಕಚ್ಚಿದ ರೊಟ್ಟಿಯಂಥ ಸೂರ್ಯನನ್ನು ಹುಡುಗರಿಗೆ ನೆಲದ ಮೇಲೆ ತೋರಿಸಿದರು. ಗ್ರಹಣ ಬಿಟ್ಟ ಮೇಲೆ ಮನೆಗೆ ಬಂದು, ನಿಮ್ಮ ಅಜ್ಜಿ ಹೇಳುವ ಮೊದಲೇ ತಲೆ ಮೇಲೆ ನೀರು ಹಾಕಿಕೊಂಡರು. ಐದು ಪುಟದಲ್ಲಿ ಇದಕ್ಕೆ ಕೊಟ್ಟಿದ್ದು ಮೂರೇ ಸಾಲು. ನಾನು ತಿರುಗಿ ಓದಿದ್ದು ಮಾತ್ರ ಇದನ್ನೇ.

ಅಷ್ಟರಲ್ಲಿ ‘ಹೀಗೆ ಅವರು ಎರಡನ್ನೂ ಸಮನ್ವಯಗೊಳಿಸಿದರು’ ಎಂದು ಷರಾ ಬರೆದುಬಿಟ್ಟಿದ್ದೀರಿ. ಹೌದಾ? ಅಮ್ಮನಿಗೆ ಬೇಜಾರಾಗಬಾರದು ಅಂತ ಸ್ನಾನ ಮಾಡಿರಬಹುದು. ಬರೀ ರೂಢಿ ಇರಬಹುದು. ಒಳಗೆಲ್ಲೋ ಅಳುಕೂ ಇದ್ದಿರಬಹುದು. ಮೂರೂ ಬೇರೆ ಬೇರೆ ಕಥೆ, ಅಲ್ವಾ?

ಅವರನ್ನೇ ಕೇಳಿ ಬರೆಯಿರಿ. ‘ನನಗೂ ಗೊತ್ತಿಲ್ಲ’ ಎಂದರೆ ಅದನ್ನೇ ಬರೆಯಿರಿ. ನಾಣ್ಯ ಬೇಡ, ಐನ್‌ಸ್ಟೈನ್ ಬೇಡ, ಎರಡು ಪುಟ ಸಾಕು. ತಂದೆಗೆ ಎಂಬತ್ತು ದಾಟಿದೆ ಎಂದು ಪತ್ರದಲ್ಲಿ ತಿಳಿಸಿದ್ದೀರಿ. ತಡ ಮಾಡಬೇಡಿ.